ತೋಟದ ನಾಯಿಯ ಊಟ ಮತ್ತು ತೋಟದ ನೆಲ

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಭಾಗದ ನಮ್ಮ ಸದಸ್ಯರಲ್ಲಿ ನಾಯಿ ಸಾಕದ ತೋಟದ ಮನೆ ವಿರಳ. ಹಂದಿ, ಮಂಗಗಳನ್ನು ಓಡಿಸಲಿಕ್ಕೂ, ಕೊಯ್ಲಿನ ಕಾಲದಲ್ಲಿ ಕಣದ ಮೇಲೆ ಹರವಿದ ಅಡಿಕೆಯನ್ನು ಕಾಯಲಿಕ್ಕೂ ಅದರಂಥ ಜೊತೆಗಾರ ಇನ್ನೊಂದಿಲ್ಲ. ಆದರೆ ಆಕಳಿಗೆ ಹಿಂಡಿ ಎಷ್ಟು, ಅಡಿಕೆ ಗಿಡಕ್ಕೆ ಗೊಬ್ಬರ ಎಷ್ಟು ಎಂದು ಲೆಕ್ಕ ಹಾಕುವ ನಾವು, ನಾಯಿಗೆ ಏನು ಹಾಕುತ್ತಿದ್ದೇವೆ ಎಂದು ಯೋಚಿಸುವುದು ಕಡಿಮೆ. ಉಳಿದದ್ದು, ಹಳಸಿದ್ದು, ಚೆಲ್ಲಬೇಕಾದದ್ದು ಅದರ ಪಾಲು. ಅದರ ಫಲ ಮರುದಿನ ತೋಟದಲ್ಲಿ ಬಿದ್ದಿರುತ್ತದೆ. ಅದನ್ನು ಬರಿಗಾಲಿನಲ್ಲಿ ತುಳಿಯುವವರು ನಾವು ಮತ್ತು ನಮ್ಮ ಕೆಲಸದವರು. ಆದುದರಿಂದ ಈ ವಿಷಯವನ್ನು ಸ್ವಲ್ಪ ವಿವರವಾಗಿ ತಿಳಿದುಕೊಳ್ಳುವುದು ಒಳ್ಳೆಯದು.

ಪಚನ ಕ್ರಿಯೆ

ನಾಯಿ ಆಹಾರವನ್ನು ಅಗಿಯುವುದಕ್ಕಿಂತ ನುಂಗುವುದೇ ಹೆಚ್ಚು. ನಮ್ಮ ಜೊಲ್ಲಿನಲ್ಲಿರುವಂತೆ ಪಿಷ್ಟವನ್ನು ಕರಗಿಸುವ ಕಿಣ್ವ ಅದರ ಜೊಲ್ಲಿನಲ್ಲಿ ಇಲ್ಲವೆಂದೇ ಹೇಳಬಹುದು. ಆ ಕೆಲಸ ನಡೆಯುವುದು ಸಣ್ಣ ಕರುಳಿನಲ್ಲಿ, ಮೇದೋಜೀರಕ ಗ್ರಂಥಿಯ ರಸದಿಂದ. 2013ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಪ್ರಕಟಿಸಿದ ಸಂಶೋಧನೆಯ ಪ್ರಕಾರ, ಈ ರಸದ ಪಿಷ್ಟ ಕರಗಿಸುವ ಕಿಣ್ವಕ್ಕೆ ಕಾರಣವಾದ ಜೀನಿನ ಪ್ರತಿಗಳು ತೋಳದಲ್ಲಿ ಎರಡೇ; ನಾಯಿಯಲ್ಲಿ ಅದಕ್ಕಿಂತ ಬಹಳ ಹೆಚ್ಚು. ಮನುಷ್ಯನ ಸಂಗಡ ಬಾಳಿ ನಾಯಿ ರೊಟ್ಟಿ, ಅನ್ನಗಳನ್ನು ಅರಗಿಸಿಕೊಳ್ಳಲು ಕಲಿತಿದೆ ಎಂದಾಯಿತು. ಆದರೆ ಧಾನ್ಯ ಚೆನ್ನಾಗಿ ಬೆಂದಿರಬೇಕು.

ಬೇಯದ ನುಚ್ಚು, ಹೊಟ್ಟು, ಸಿಪ್ಪೆಗಳು ಸಣ್ಣ ಕರುಳಿನಲ್ಲಿ ಪೂರ್ತಿ ಅರಗದೆ ದೊಡ್ಡ ಕರುಳಿಗೆ ಜಾರುತ್ತವೆ. ಅಲ್ಲಿ ಸೂಕ್ಷ್ಮಜೀವಿಗಳಿಂದ ಹುಳಿತು ವಾಯು ಹುಟ್ಟುತ್ತದೆ, ನೀರು ಸೇರುತ್ತದೆ, ಮಲ ತೆಳ್ಳಗಾಗಿ ಹೆಚ್ಚುತ್ತದೆ. ಒಂದು ಲೆಕ್ಕ ನೋಡೋಣ. ನಾಯಿಗೆ ದಿನಕ್ಕೆ 300 ಗ್ರಾಂ ಒಣ ಪದಾರ್ಥ ಹಾಕಿದೆವು ಎನ್ನಿ. ನೂರಕ್ಕೆ 85 ಪಾಲು ಅರಗಿದರೆ ಹೊರಗೆ ಬರುವುದು 45 ಗ್ರಾಂ. ನೂರಕ್ಕೆ 70 ಪಾಲು ಮಾತ್ರ ಅರಗಿದರೆ 90 ಗ್ರಾಂ, ಅಂದರೆ ಇಮ್ಮಡಿ. ಮಲದ ತೂಕದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ನೀರು ಇರುವುದರಿಂದ, ಈ ವ್ಯತ್ಯಾಸ 135 ಗ್ರಾಂ ಮತ್ತು 270 ಗ್ರಾಂ ಎಂದು ನೆಲದ ಮೇಲೆ ಕಾಣುತ್ತದೆ. ಊಟದ ಗುಣ ಕೆಟ್ಟಷ್ಟೂ ಹೊಲಸು ಹೆಚ್ಚು, ನಾಯಿಗೆ ದಕ್ಕುವುದು ಕಡಿಮೆ.

ನಮ್ಮ ಕಡೆಯ ಊಟ

ಜೋಳದ ರೊಟ್ಟಿ, ಮೆತ್ತಗೆ ಬೆಂದ ಅನ್ನ ಇವು ಒಳ್ಳೆಯವೇ. ಆದರೆ ಅವಷ್ಟೇ ಸಾಲವು. ಜೋಳದಲ್ಲಿ ಸಸಾರಜನಕ ನೂರಕ್ಕೆ ಸುಮಾರು 10, ಅಕ್ಕಿಯಲ್ಲಿ ಸುಮಾರು 7. ಬೆಳೆದ ನಾಯಿಯ ಒಣ ಆಹಾರದಲ್ಲಿ ಇದು 18ಕ್ಕೆ ಕಡಿಮೆ ಇರಬಾರದೆಂಬುದು ಸಾಮಾನ್ಯವಾಗಿ ಒಪ್ಪಿದ ಅಳತೆ. ಈ ಕೊರತೆಯನ್ನು ಬೇಯಿಸಿದ ಮೊಟ್ಟೆ, ಮೀನು ಅಥವಾ ಮಾಂಸ ತುಂಬುತ್ತದೆ. ಇವು ಒಗ್ಗದ ಮನೆಯಲ್ಲಿ ನುಣ್ಣಗೆ ಬೆಂದ ಬೇಳೆ, ಮಜ್ಜಿಗೆಗಳಿಂದ ತಕ್ಕಮಟ್ಟಿಗೆ ಸರಿದೂಗಿಸಬಹುದು. ಹಾಲು ಹೆಚ್ಚಾದರೆ ಬೆಳೆದ ನಾಯಿಗೆ ಭೇದಿಯಾಗಬಹುದು.

ಬ್ಯಾಡಗಿ ಮೆಣಸಿನಕಾಯಿ ಬಣ್ಣಕ್ಕೆ ಹೆಸರಾದದ್ದು, ಖಾರ ಕಡಿಮೆ ನಿಜ. ಆದರೂ ಸಾರು, ಪಲ್ಯ ಕಲಸಿದ ಊಟ ನಾಯಿಯ ಕರುಳನ್ನು ಕೆರಳಿಸುತ್ತದೆ. ಅದರಲ್ಲಿನ ಉಳ್ಳಾಗಡ್ಡಿ, ಬೆಳ್ಳುಳ್ಳಿಗಳು ನಾಯಿಯ ರಕ್ತಕಣಗಳನ್ನೇ ನಾಶಮಾಡುತ್ತವೆ. ಕಾಫಿ ಬೆಳೆಯುವ ಸದಸ್ಯರು ಕಾಫಿ ಬೀಜ, ಪುಡಿ, ಚರಟಗಳು ಅದರ ಬಾಯಿಗೆ ಸಿಗದಂತೆ ನೋಡಿಕೊಳ್ಳಬೇಕು. ಕೆಫೀನ್ ನಾಯಿಗೆ ವಿಷ.

ಎಲ್ಲಕ್ಕಿಂತ ಕೆಟ್ಟದ್ದು ಬೂಸ್ಟು ಹಿಡಿದ ಗೋವಿನಜೋಳ. ದನಕ್ಕೆ ಬೇಡವೆಂದು ತೆಗೆದಿಟ್ಟ ಜೋಳವನ್ನು ಬೇಯಿಸಿ ಹಾಕಿ ನಾವು ಒಂದು ಒಳ್ಳೆಯ ನಾಯಿಯನ್ನು ಕಳೆದುಕೊಂಡಿದ್ದೇವೆ. ಬೂಸ್ಟಿನಿಂದ ಹುಟ್ಟುವ ಅಫ್ಲಾಟಾಕ್ಸಿನ್ ಎಂಬ ವಿಷ ಯಕೃತ್ತನ್ನು ಕೆಡಿಸುತ್ತದೆ, ಕುದಿಸಿದರೂ ಹೋಗುವುದಿಲ್ಲ. 2005ರ ಕೊನೆಯಲ್ಲಿ ಅಮೆರಿಕದಲ್ಲಿ ಇಂಥ ಗೋವಿನಜೋಳ ಬೆರೆತ ಸಿದ್ಧ ಆಹಾರ ತಿಂದು ಅನೇಕ ನಾಯಿಗಳು ಸತ್ತವು.

ಮಲ ಹೇಳುವ ಮಾತು

ಕಂದು ಬಣ್ಣದ, ಆಕಾರ ಉಳಿಸಿಕೊಂಡ, ಎತ್ತಿದರೆ ನೆಲಕ್ಕೆ ಅಂಟದ ಮಲ ಆರೋಗ್ಯದ ಗುರುತು. ಬಿಳುಪಾಗಿ ಸುಣ್ಣದಂತೆ ಪುಡಿಯಾದರೆ ಎಲುಬು ಹೆಚ್ಚಾಗಿದೆ. ಡಾಂಬರಿನಂತೆ ಕಪ್ಪಾಗಿದ್ದರೆ, ಕೆಂಪು ರಕ್ತ ಕಂಡರೆ ಅಥವಾ ಭೇದಿ ಎರಡು ದಿನ ನಿಲ್ಲದಿದ್ದರೆ ಪಶುವೈದ್ಯರಲ್ಲಿಗೆ ಒಯ್ಯಬೇಕು. ಮರಿಯಾದರೆ ಎರಡು ದಿನವೂ ಕಾಯಬಾರದು.

ಗಟ್ಟಿ ಮಲದಿಂದ ಇನ್ನೊಂದು ಉಪಕಾರವಿದೆ. ಅದನ್ನು ಸಲಿಕೆಯಿಂದ ಪೂರ್ತಿ ಎತ್ತಿಹಾಕಬಹುದು. ತೆಳ್ಳಗಿನದು ಮಣ್ಣಿನಲ್ಲಿ ಇಂಗಿಬಿಡುತ್ತದೆ. ನಾಯಿಯ ಕೊಕ್ಕೆಹುಳುವಿನ ಮೊಟ್ಟೆಗಳು ಅಡಿಕೆ ತೋಟದಂಥ ತಂಪು, ತೇವದ ನೆರಳಿನಲ್ಲಿ ಒಡೆದು, ಸುಮಾರು ಒಂದು ವಾರದಲ್ಲಿ ಮರಿಗಳು ಬರಿಗಾಲಿನ ಚರ್ಮವನ್ನು ಹೊಗುವಷ್ಟು ಬೆಳೆಯುತ್ತವೆ. ಕಾಲಿನ ಮೇಲೆ ಹಾವಿನಂತೆ ಹರಿಯುವ, ತಡೆಯಲಾರದ ತುರಿಕೆಯ ಕೆಂಪು ಗೆರೆ ಇದರದ್ದೇ. ದಿನವೂ ಎತ್ತಿಹಾಕಿದರೆ ಆ ವಾರದ ಅವಕಾಶ ಹುಳುವಿಗೆ ಸಿಗದು.

ಕುರಿಯ ಹಸಿ ಅಂಗಗಳು

ಮಾಂಸ ಒಳ್ಳೆಯದೆಂದು ಜಾತ್ರೆ, ಹಬ್ಬಗಳಲ್ಲಿ ಕುರಿಯ ಶ್ವಾಸಕೋಶ, ಯಕೃತ್ತುಗಳನ್ನು ಹಸಿಯಾಗಿ ನಾಯಿಗೆ ಎಸೆಯುವುದುಂಟು. ಇದು ಅಪಾಯ. ಅವುಗಳಲ್ಲಿ ನೀರುಗುಳ್ಳೆಗಳಿದ್ದರೆ ನಾಯಿಯ ಕರುಳಿನಲ್ಲಿ ಪುಟ್ಟ ಲಾಡಿಹುಳುಗಳು ಬೆಳೆಯುತ್ತವೆ. ಇವುಗಳ ಮೊಟ್ಟೆ ಮಲದೊಂದಿಗೆ ಬಂದು, ಕೈಯಿಂದ, ಸೊಪ್ಪಿನಿಂದ ನಮ್ಮ ಹೊಟ್ಟೆ ಸೇರಿದರೆ, ವರ್ಷಗಳ ನಂತರ ಯಕೃತ್ತಿನಲ್ಲಿ ದೊಡ್ಡ ಗುಳ್ಳೆಯಾಗಿ ಶಸ್ತ್ರಚಿಕಿತ್ಸೆಯವರೆಗೂ ಹೋಗಬಹುದು.

ಇಲ್ಲಿ ಅಡಿಕೆಯವರಾದ ನಮಗೊಂದು ಸ್ವಾರಸ್ಯದ ಸಂಗತಿಯಿದೆ. ಕುರಿಗಳ ನಾಡಾದ ನ್ಯೂಜಿಲೆಂಡ್ 1959ರಲ್ಲಿ ಕಾನೂನು ಮಾಡಿ ಈ ರೋಗದ ವಿರುದ್ಧ ಹೋರಾಡಿದಾಗ, ಹುಳು ಪತ್ತೆಗೆ ನಾಯಿಗಳಿಗೆ ಕೊಡುತ್ತಿದ್ದ ಭೇದಿಯ ಔಷಧ ಅಡಿಕೆಯಲ್ಲಿನ ಅರೆಕೋಲಿನ್. ಹಸಿ ಅಂಗಗಳನ್ನು ಹಾಕುವುದನ್ನೂ ನಿಲ್ಲಿಸಿ, 2002ರಲ್ಲಿ ಆ ದೇಶ ರೋಗದಿಂದ ತಾತ್ಕಾಲಿಕವಾಗಿ ಮುಕ್ತವೆಂದು ಘೋಷಿಸಿಕೊಂಡಿತು. ಇದನ್ನೋದಿ ಯಾರೂ ಮನೆಯಲ್ಲಿ ನಾಯಿಗೆ ಅಡಿಕೆ ತಿನ್ನಿಸಬಾರದು; ಪ್ರಮಾಣ ಮೀರಿದರೆ ಪ್ರಾಣಕ್ಕೇ ಸಂಚಕಾರ. ಈಗ ಇದಕ್ಕೆ ಪ್ರಾಜಿಕ್ವಾಂಟೆಲ್ ಎಂಬ ಸುರಕ್ಷಿತ ಗುಳಿಗೆಯಿದೆ.

ಮಾಡಬೇಕಾದದ್ದು

1. ಸುಮಾರು 15 ಕಿಲೋ ತೂಕದ, ಓಡಾಡುವ ನಾಯಿಗೆ ದಿನಕ್ಕೆ ಸುಮಾರು 300 ಗ್ರಾಂ ಒಣ ಪದಾರ್ಥದಷ್ಟು ಊಟ, ಎರಡು ಹೊತ್ತು. ಮೂರರಲ್ಲಿ ಎರಡು ಪಾಲು ಧಾನ್ಯ, ಒಂದು ಪಾಲು ಮೊಟ್ಟೆ, ಮಾಂಸ ಅಥವಾ ಬೇಳೆ. ಶುದ್ಧ ನೀರು ಸದಾ ಇರಲಿ.

2. ಊಟ ಬದಲಿಸುವಾಗ ಒಂದು ವಾರದಲ್ಲಿ ಸ್ವಲ್ಪ ಸ್ವಲ್ಪವಾಗಿ ಬದಲಿಸಿರಿ.

3. ಕುರಿಯ ಅಂಗಗಳನ್ನು ತುಂಡುಮಾಡಿ ಅರ್ಧ ಗಂಟೆಗೂ ಹೆಚ್ಚು ಕುದಿಸಿ ಹಾಕಿರಿ. ಗುಳ್ಳೆ ಕಂಡರೆ ಆಳವಾಗಿ ಹೂಳಿರಿ.

4. ಪಶುವೈದ್ಯರ ಸಲಹೆಯಂತೆ ಮೂರು ತಿಂಗಳಿಗೊಮ್ಮೆ ಹುಳುವಿನ ಔಷಧ ಕೊಡಿಸಿರಿ.

5. ನಾಯಿಯ ಮಲ ಸಗಣಿಯಲ್ಲ. ತಿಪ್ಪೆಗಾಗಲಿ, ಗಿಡದ ಬುಡಕ್ಕಾಗಲಿ ಹಾಕದೆ ಬಾವಿಯಿಂದ ದೂರ ಹೂಳಿರಿ. ಕಣದ ಹತ್ತಿರ ನಾಯಿಯನ್ನು ಕಟ್ಟಿಯೇ ಇರಿಸಿರಿ.

6. ತೋಟದಲ್ಲಿ ಕೆಲಸದವರಿಗೆ ಪಾದರಕ್ಷೆ ಕೊಡಿಸಿರಿ.

ಇದಕ್ಕೆಲ್ಲ ತಗಲುವುದು ದಿನಕ್ಕೊಂದೆರಡು ಮೊಟ್ಟೆಯ ಖರ್ಚು, ಐದು ನಿಮಿಷದ ಸಲಿಕೆ ಕೆಲಸ. ಒಬ್ಬ ಆಳಿನ ಕಾಲು ಹುಣ್ಣಾಗಿ ಕೊಯ್ಲಿನ ವಾರ ತಪ್ಪಿದರೆ ಆಗುವ ನಷ್ಟ ಇದಕ್ಕಿಂತ ಹೆಚ್ಚು. ಸದಸ್ಯ ಬಾಂಧವರು ನಾಳೆ ಬೆಳಿಗ್ಗೆ ತೋಟಕ್ಕೆ ಹೋದಾಗ ಒಮ್ಮೆ ನೆಲ ನೋಡಿ, ಸಂಜೆ ನಾಯಿಯ ತಟ್ಟೆಯನ್ನೂ ನೋಡಬೇಕೆಂದು ಕೋರುತ್ತೇವೆ.