ಬೇಸಿಗೆಯ ಜೋಗ: ನೀರೆಲ್ಲಿ ಹೋಯಿತು?

ಮೇ ತಿಂಗಳು ಬಂತೆಂದರೆ ಕರಾವಳಿಯ ನಮ್ಮ ಮನೆಗಳು ತುಂಬಿಕೊಳ್ಳುತ್ತವೆ. ಮುಂಬಯಿ, ದುಬೈ, ಕುವೈತ್ ಮೊದಲಾದೆಡೆ ದುಡಿಯುವ ಬಂಧುಗಳು ಮಕ್ಕಳ ರಜೆಯನ್ನು ನೋಡಿಕೊಂಡು ಊರಿಗೆ ಬರುತ್ತಾರೆ. ಮದುವೆ, ರೋಸ್, ನೆಂಟರ ಮನೆಯ ಭೇಟಿ ಇವೆಲ್ಲ ಮುಗಿಯುವಷ್ಟರಲ್ಲಿ ರಜೆಯೂ ಮುಗಿದಿರುತ್ತದೆ. ಈ ಗಡಿಬಿಡಿಯ ನಡುವೆಯೂ ಒಂದು ದಿನವನ್ನು ಜಲಪಾತಕ್ಕೆಂದು ಮೀಸಲಿಡುವ ಕುಟುಂಬಗಳು ಅನೇಕ. ಹೊನ್ನಾವರದ ಆಸುಪಾಸಿನವರಾದ ನಮಗೆ ಜಲಪಾತವೆಂದರೆ ಜೋಗವೇ.

ಹೊನ್ನಾವರದಿಂದ ಜೋಗಕ್ಕೆ ಸುಮಾರು 60 ಕಿ.ಮೀ. ದಾರಿ. ಗೇರುಸೊಪ್ಪೆಯ ಬಳಿಕ ಘಟ್ಟ ಆರಂಭ. ತೀರ್ಥಹಳ್ಳಿ ತಾಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ ಜೋಗದಲ್ಲಿ ಧುಮುಕಿ, ಹೊನ್ನಾವರದಲ್ಲಿ ಕಡಲು ಸೇರುತ್ತದೆ. ಅಲ್ಲಿ ನದಿ ಎಷ್ಟು ಅಗಲವೆಂದರೆ, ಕೊಂಕಣ ರೈಲುಮಾರ್ಗದ ಅತಿ ಉದ್ದದ, 2 ಕಿ.ಮೀ.ಗೂ ಮಿಕ್ಕಿದ ಸೇತುವೆ ಇರುವುದು ಇದರ ಮೇಲೆಯೇ. ಇಂತಹ ನದಿಯನ್ನು ಬೆಳಗ್ಗೆ ಕಂಡು ಹೊರಟ ಮಕ್ಕಳು ಜೋಗದಲ್ಲಿ ಅದಕ್ಕೆ ತಕ್ಕ ಜಲರಾಶಿಯನ್ನು ನಿರೀಕ್ಷಿಸುವುದು ಸಹಜ. 2006ರ ‘ಮುಂಗಾರು ಮಳೆ’ ಚಿತ್ರವನ್ನು ಕಂಡವರ ನಿರೀಕ್ಷೆಯಂತೂ ಇನ್ನೂ ದೊಡ್ಡದು.

ವೀಕ್ಷಣಾ ಸ್ಥಳದಲ್ಲಿ ನಿಂತಾಗ ನಮ್ಮ ಜೊತೆಗಿದ್ದ ಮಕ್ಕಳ ಮುಖ ಬಾಡಿತು. ರಾಜ, ರಾಣಿ, ರೋರರ್, ರಾಕೆಟ್ ಎಂಬ ನಾಲ್ಕು ಧಾರೆಗಳು 253 ಮೀಟರ್, ಅಂದರೆ 830 ಅಡಿ ಎತ್ತರದ ಬಂಡೆಯ ಮೇಲೆ ಬಿಳಿಯ ನೂಲಿನ ಎಳೆಗಳಂತೆ ಇಳಿಯುತ್ತಿದ್ದವು. “ಕ್ಯಾಲೆಂಡರಿನಲ್ಲಿರುವ ಜೋಗ ಇದೇನಾ? ನೀರೆಲ್ಲ ಎಲ್ಲಿ ಹೋಯಿತು?” ಎಂದು ಅವರು ಕೇಳಿದರು. ಬೇಸಿಗೆಯಲ್ಲಿ ನೀರು ಕಡಿಮೆ ಎಂದಷ್ಟೇ ಹೇಳಿ ಸುಮ್ಮನಾಗಬಹುದಿತ್ತು. ಆದರೆ ಅದು ಅರ್ಧ ಉತ್ತರ ಮಾತ್ರ.

ಇಲ್ಲಿಯ ನೀರು ವಿದ್ಯುತ್ತಾಗಿ ಹೋಯಿತು. 1948ರಲ್ಲಿ ಇಲ್ಲಿ ವಿದ್ಯುದಾಗಾರ ಆರಂಭವಾಯಿತು. 1964ರಲ್ಲಿ ಜಲಪಾತದ ಮೇಲ್ಭಾಗದಲ್ಲಿ, ಸುಮಾರು 6 ಕಿ.ಮೀ. ದೂರದ ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಎದ್ದಿತು. ಅದರ ಸಂಗ್ರಹ ಸಾಮರ್ಥ್ಯ ಸುಮಾರು 151 ಟಿಎಂಸಿ ಅಡಿ. ಆ ನೀರಿನಿಂದ ನಡೆಯುವ ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವಾಟ್. ಜಲಾಶಯ ತುಂಬಿ ನೀರು ಹೊರಬಿಟ್ಟಾಗ ಜೋಗ ತನ್ನ ಹಳೆಯ ವೈಭವವನ್ನು ತಾಳುತ್ತದೆ. ಉಳಿದ ದಿನಗಳಲ್ಲಿ ಅದರ ಪಾಲಿನ ಬಹುಭಾಗ ನೀರು ನಮ್ಮ ಮನೆಗಳ ದೀಪವನ್ನು ಉರಿಸುತ್ತದೆ.

ಆ ದೀಪಕ್ಕೆ ಬೆಲೆ ತೆತ್ತವರೂ ಇದ್ದಾರೆ. ಜಲಾಶಯದಲ್ಲಿ ಮನೆ, ಗದ್ದೆ, ತೋಟ ಮುಳುಗಿ ಅದೆಷ್ಟೋ ಕುಟುಂಬಗಳು ಊರು ಬಿಟ್ಟು ಬೇರೆಡೆ ನೆಲೆ ಹುಡುಕಬೇಕಾಯಿತು. ಆ ನೋವಿಗೆ ಕನ್ನಡದಲ್ಲಿ ಮಾತು ಕೊಟ್ಟವರು ನಮ್ಮ ಸಮಾಜದವರೇ ಆದ, ಸಾಗರದ ನಾ. ಡಿಸೋಜ. ಲೋಕೋಪಯೋಗಿ ಇಲಾಖೆಯ ನೌಕರರಾಗಿ ಶರಾವತಿ ಕಣಿವೆಯನ್ನು ಹತ್ತಿರದಿಂದ ಕಂಡಿದ್ದ ಅವರು ‘ಮುಳುಗಡೆ’, ‘ದ್ವೀಪ’ ಕಾದಂಬರಿಗಳನ್ನು ಬರೆದರು. ‘ದ್ವೀಪ’ವನ್ನು ಗಿರೀಶ್ ಕಾಸರವಳ್ಳಿಯವರು ಚಲನಚಿತ್ರವಾಗಿಸಿದಾಗ ಅದಕ್ಕೆ ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿ ಬಂತು. 2025ರ ಜನವರಿಯಲ್ಲಿ ನಾ. ಡಿಸೋಜರು ನಮ್ಮನ್ನಗಲಿದರು. ರಜೆಗೆ ಬಂದ ಮಕ್ಕಳಿಗೆ ಜೋಗವನ್ನು ತೋರಿಸುವವರು ಈ ಹೆಸರನ್ನೂ ಹೇಳುವುದು ಒಳ್ಳೆಯದು.

ಇನ್ನು ಛಾಯಾಚಿತ್ರದ ಮಾತು. ಬೇಸಿಗೆಯ ಜೋಗ ಚಿತ್ರಕ್ಕೆ ಯೋಗ್ಯವಲ್ಲವೆಂಬ ಭಾವನೆ ಸರಿಯಲ್ಲ. ಮಳೆಗಾಲದಲ್ಲಿ ಮಂಜು ಮತ್ತು ತುಂತುರು ಕಣಿವೆಯನ್ನೇ ಮುಚ್ಚಿಬಿಡುವುದುಂಟು. ಬೇಸಿಗೆಯಲ್ಲಿ ಬಂಡೆಯ ಪದರ, ಬಿರುಕು, ಪ್ರಪಾತದ ಆಳ ಸ್ಪಷ್ಟವಾಗಿ ಕಾಣುತ್ತವೆ. ನಡುಹಗಲಿನ ಪ್ರಖರ ಬಿಸಿಲನ್ನು ಬಿಟ್ಟು, ಬೆಳಗಿನ ಅಥವಾ ಸಂಜೆಯ ಮೆದು ಬೆಳಕನ್ನು ಆರಿಸಿಕೊಳ್ಳಬೇಕು. ಕ್ಯಾಮರಾವನ್ನು ಸ್ಟ್ಯಾಂಡಿನ ಮೇಲಿಟ್ಟು ಅರ್ಧ ಸೆಕೆಂಡಿನಷ್ಟು ಕಾಲ ಶಟರ್ ತೆರೆದಿಟ್ಟರೆ ತೆಳ್ಳಗಿನ ಧಾರೆಯೂ ರೇಷ್ಮೆಯಂತೆ ಮೂಡುತ್ತದೆ. ಚಿತ್ರದ ಒಂದು ಮೂಲೆಯಲ್ಲಿ ಮರವನ್ನೋ ಮನುಷ್ಯರನ್ನೋ ಸೇರಿಸಿಕೊಂಡರೆ ಮಾತ್ರ ಎತ್ತರದ ಅರಿವಾಗುತ್ತದೆ.

ಕಣಿವೆಯ ತಳಕ್ಕೆ ಸಾವಿರಕ್ಕೂ ಮಿಕ್ಕಿದ ಮೆಟ್ಟಿಲುಗಳಿವೆ. ಅವು ತೆರೆದಿವೆಯೇ ಎಂದು ಮೊದಲು ವಿಚಾರಿಸಿಕೊಳ್ಳಬೇಕು. ಇಳಿಯುವಾಗ ಉತ್ಸಾಹ, ಹತ್ತುವಾಗ ಮೊಣಕಾಲಿನ ಪರೀಕ್ಷೆ. ಹಿರಿಯರು ಮೇಲೆಯೇ ಕುಳಿತು ನೋಡುವುದು ಲೇಸು. ಕುಡಿಯುವ ನೀರು ಕೈಯಲ್ಲಿರಲಿ. ನೀರು ಕಡಿಮೆಯೆಂದು ಪಾಚಿಗಟ್ಟಿದ ಬಂಡೆಗಳನ್ನು ನಂಬಬಾರದು. ಮೊಬೈಲಿನಲ್ಲಿ ತಮ್ಮದೇ ಚಿತ್ರ ತೆಗೆಯಲೆಂದು ಅಂಚಿಗೆ ಹಿಂದೆ ಹಿಂದೆ ಸರಿಯುವವರನ್ನು ಕಂಡರೆ ಎದೆ ನಡುಗುತ್ತದೆ. ಬೇಲಿಯ ಆಚೆಗಿನ ಯಾವ ಚಿತ್ರವೂ ಒಂದು ಜೀವಕ್ಕೆ ಸಮನಲ್ಲ.

ಇನ್ನೊಂದು ದಿನ ಬಿಡುವಿದ್ದರೆ ಸಿದ್ದಾಪುರ ತಾಲೂಕಿನ ಉಂಚಳ್ಳಿಗೂ ಹೋಗಿ ಬರಬೇಕು. ಅಲ್ಲಿ ಅಘನಾಶಿನಿ 116 ಮೀಟರ್ ಎತ್ತರದಿಂದ ಬೀಳುತ್ತದೆ. ಕಿವಿ ಕಿವುಡಾಗುವಂತಹ ಸದ್ದಿನಿಂದಾಗಿ ಅದಕ್ಕೆ ಕೆಪ್ಪ ಜೋಗವೆಂಬ ಹೆಸರೂ ಇದೆ. ಈ ನದಿಗೆ ದೊಡ್ಡ ಅಣೆಕಟ್ಟಿಲ್ಲ. ಅಲ್ಲಿ ನೀರು ಇಳಿಯುವುದೂ ಏರುವುದೂ ಋತುವಿನ ಲೆಕ್ಕದಂತೆ. ಜೋಗದಲ್ಲಿ ಮನುಷ್ಯನ ಲೆಕ್ಕವೂ ಸೇರಿಕೊಂಡಿದೆ. ಎರಡನ್ನೂ ಕಂಡ ಮಕ್ಕಳಿಗೆ ಈ ವ್ಯತ್ಯಾಸವನ್ನು ಯಾರೂ ವಿವರಿಸಬೇಕಿಲ್ಲ.

ಊರಿನಿಂದ ಮರಳುವವರ ಪೆಟ್ಟಿಗೆಯಲ್ಲಿ ಹಪ್ಪಳ, ಉಪ್ಪಿನಕಾಯಿಗಳ ಜೊತೆಗೆ ಬಡಕಲು ಜೋಗದ ಒಂದು ಚಿತ್ರವೂ ಇರಲಿ. ಚಿತ್ರದ ಹಿಂದೆ ತಿಂಗಳು, ವರ್ಷ ಬರೆದಿಡಿ. ದೂರದ ಊರಿನಲ್ಲಿ ಅದನ್ನು ನೋಡಿ “ನೀರೆಲ್ಲಿ?” ಎಂದು ಕೇಳುವವರಿಗೆ ನಮ್ಮ ಮಕ್ಕಳೇ ಪೂರ್ತಿ ಉತ್ತರ ಹೇಳುವಂತಾಗಲಿ.