ರೋಗ ಬಂದಾಗ ಶಾಲೆ ಮುಚ್ಚಬೇಕೇ? ತಾಯಂದಿರೂ ಹೇಳಬೇಕು



ಊರಿಗೆ ಅಂಟುರೋಗ ಬಂದಾಗ ಮಕ್ಕಳನ್ನು ಶಾಲೆಗೆ ಕಳಿಸಬೇಕೋ ಬೇಡವೋ ಎಂಬ ಪ್ರಶ್ನೆ ಪ್ರತಿ ಮನೆಯಲ್ಲೂ ಏಳುತ್ತದೆ. ಕೊರೋನಾ ಕಾಲದಲ್ಲಿ ನಾವೆಲ್ಲ ಇದನ್ನು ಅನುಭವಿಸಿದ್ದೇವೆ. ಮುಂದೆ ಇಂಥದ್ದೇ ಸಮಯ ಬಂದರೆ ಗಾಬರಿಯಲ್ಲಿ ತೀರ್ಮಾನ ಮಾಡಬಾರದು. ಅದಕ್ಕೇ ಈಗಲೇ ಸಂಘದಲ್ಲಿ ಕೂತು ಮಾತಾಡೋಣ.

ಅಂದು ನಡೆದದ್ದೇನು?

2020ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ಕೊರೋನಾ ಕಾಣಿಸಿಕೊಂಡಿತು. ಮೊದಲು ಪುಟ್ಟ ಮಕ್ಕಳಿಗೆ, ಆಮೇಲೆ ಎಲ್ಲರಿಗೂ ರಜೆ ಕೊಟ್ಟರು. ಒಂದೆರಡು ವಾರದ ಮಾತು ಅಂದುಕೊಂಡೆವು. ಜೂನ್ ತಿಂಗಳಲ್ಲಿ ಶಿಕ್ಷಣ ಇಲಾಖೆಯು ಶಾಲೆಗಳಲ್ಲಿ ಪೋಷಕರ ಸಭೆ ಕರೆದು, ಯಾವಾಗ ತೆರೆಯಬೇಕು ಎಂದು ಅಭಿಪ್ರಾಯ ಕೇಳಲು ಸೂಚಿಸಿತು. ಆಗ ಶಿಕ್ಷಣ ಸಚಿವರಾಗಿದ್ದವರು ನಮ್ಮ ರಾಜಾಜಿನಗರ ಕ್ಷೇತ್ರದ ಶಾಸಕರಾದ ಎಸ್. ಸುರೇಶ್ ಕುಮಾರ್. ಜುಲೈನಲ್ಲಿ ಹಂತಹಂತವಾಗಿ ತೆರೆಯುವ ಆಲೋಚನೆ ಇತ್ತು, ಆದರೆ ತೆರೆಯಲಿಲ್ಲ. ಆಗಸ್ಟ್‌ನಲ್ಲಿ ಶಿಕ್ಷಕರೇ ಮಕ್ಕಳಿದ್ದ ಕಡೆ ಹೋಗಿ ಪಾಠ ಮಾಡುವ 'ವಿದ್ಯಾಗಮ' ಶುರುವಾಯಿತು. ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ಅದೂ ನಿಂತಿತು.

2021ರ ಜನವರಿ 1ರಂದು ಹತ್ತನೇ ತರಗತಿ ಮತ್ತು ದ್ವಿತೀಯ ಪಿಯುಸಿ ಆರಂಭವಾದವು. ಪೋಷಕರು ಒಪ್ಪಿಗೆ ಪತ್ರ ಬರೆದುಕೊಡಬೇಕಿತ್ತು. ಎರಡನೇ ಅಲೆ ಬಂದು ಮತ್ತೆ ಎಲ್ಲ ಮುಚ್ಚಿತು. ಒಂದರಿಂದ ಐದನೇ ತರಗತಿ ಮಕ್ಕಳು ಶಾಲೆಯ ಬಾಗಿಲು ಕಂಡದ್ದು 2021ರ ಅಕ್ಟೋಬರ್ 25ರಂದು. ಅಂದರೆ ಹತ್ತೊಂಬತ್ತು ತಿಂಗಳ ನಂತರ!

ಪೋಷಕರ ಮಾತು ಒಂದೇ ಆಗಿರಲಿಲ್ಲ

"ಮಗು ಚೆನ್ನಾಗಿದ್ರೆ ತಾನೇ ಓದು? ಒಂದು ವರ್ಷ ಹೋದ್ರೆ ಹೋಗಲಿ" ಎಂದವರು ಬಹಳ ಜನ. ಅದು ತಪ್ಪಲ್ಲ. ರೋಗ ಹೊಸದು, ಲಸಿಕೆ ಇರಲಿಲ್ಲ. ಮನೆಯಲ್ಲಿ ವಯಸ್ಸಾದ ಅತ್ತೆ, ಮಾವ, ಸಕ್ಕರೆ ಕಾಯಿಲೆಯವರು ಇದ್ದರೆ ಭಯ ಇನ್ನೂ ಹೆಚ್ಚು.

"ಶಾಲೆ ತೆಗೀರಿ ಸ್ವಾಮಿ" ಎಂದವರ ಕಷ್ಟವೂ ನಿಜ. ಲಾಕ್‌ಡೌನ್ ಸಡಿಲವಾದ ಮೇಲೆ ಗಾರ್ಮೆಂಟ್ಸ್‌ಗೆ, ಮನೆಗೆಲಸಕ್ಕೆ ತಾಯಿ ಹೋಗಲೇಬೇಕು. ವಠಾರದ ಒಂದೇ ಕೋಣೆಯಲ್ಲಿ ಮಕ್ಕಳನ್ನು ನೋಡೋರು ಯಾರು? ದೊಡ್ಡ ಮಗಳೇ ತಮ್ಮ ತಂಗಿಯರಿಗೆ ಅಮ್ಮನಾದಳು. ಇದ್ದ ಒಂದು ಫೋನು ಅಪ್ಪನ ಜೇಬಿನಲ್ಲಿ, ಕರೆನ್ಸಿ ಹಾಕಿಸಲು ದುಡ್ಡಿಲ್ಲ. ಬಿಸಿಯೂಟದ ಬದಲು ಅಕ್ಕಿ, ಬೇಳೆ ಕೊಟ್ಟರೂ ಮಕ್ಕಳು ಗೆಳೆಯರ ಜೊತೆ ಕೂತು ತಿನ್ನುವ ಊಟ ತಪ್ಪಿತು.

2021ರ ಆಗಸ್ಟ್‌ನಲ್ಲಿ ಅರ್ಥಶಾಸ್ತ್ರಜ್ಞ ಜೀನ್ ಡ್ರೇಜ್ ಮತ್ತು ಸಂಗಡಿಗರು ಕರ್ನಾಟಕವೂ ಸೇರಿ 15 ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳ ಬಡ ಕುಟುಂಬಗಳ ಸುಮಾರು 1,400 ಮಕ್ಕಳ ಸಮೀಕ್ಷೆ ನಡೆಸಿದರು. ಫೋನಿನಲ್ಲಿ ನಿಯಮಿತವಾಗಿ ಪಾಠ ಕಲಿಯುತ್ತಿದ್ದವರು ಪಟ್ಟಣಗಳಲ್ಲಿ ನೂರಕ್ಕೆ 24, ಹಳ್ಳಿಗಳಲ್ಲಿ ನೂರಕ್ಕೆ 8 ಮಕ್ಕಳು ಮಾತ್ರ. ಹಳ್ಳಿಯ ಪೋಷಕರಲ್ಲಿ ನೂರಕ್ಕೆ 97 ಮಂದಿ ಶಾಲೆ ಬೇಗ ತೆರೆಯಲಿ ಎಂದರು. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯವು ಕರ್ನಾಟಕ ಸೇರಿ ಐದು ರಾಜ್ಯಗಳ ಸರ್ಕಾರಿ ಶಾಲೆಯ 16,067 ಮಕ್ಕಳನ್ನು ಪರೀಕ್ಷಿಸಿ, 2021ರ ಫೆಬ್ರವರಿಯಲ್ಲಿ ವರದಿ ಕೊಟ್ಟಿತು. ನೂರಕ್ಕೆ 92 ಮಕ್ಕಳು ಹಿಂದಿನ ವರ್ಷ ಭಾಷೆಯಲ್ಲಿ ಕಲಿತಿದ್ದ ಒಂದಾದರೂ ಸಾಮರ್ಥ್ಯವನ್ನು ಕಳೆದುಕೊಂಡಿದ್ದರು.

ಇದರಿಂದ ಒಂದು ವಿಷಯ ಸ್ಪಷ್ಟ. ಮನೆಯಲ್ಲೇ ಇರೋದು ಎಲ್ಲರಿಗೂ ಒಂದೇ ಅಲ್ಲ. ಫೋನು, ಕೋಣೆ, ಓದಿಸುವವರು ಇದ್ದ ಮನೆಗೆ ಮುಚ್ಚಿದ ಶಾಲೆಯಿಂದ ಕಡಿಮೆ ನಷ್ಟ. ನಮ್ಮಂಥ ಮನೆಗಳಿಗೆ ಹೆಚ್ಚು ನಷ್ಟ. ಆದ್ದರಿಂದ ನಮ್ಮ ಮಾತು ಸಭೆಯಲ್ಲಿ ಕೇಳಿಸಲೇಬೇಕು.

ಅಭಿಪ್ರಾಯ ಹೇಳುವ ಮೊದಲು ಕೇಳಬೇಕಾದ ಪ್ರಶ್ನೆಗಳು

1. ಈ ರೋಗ ಹೇಗೆ ಹರಡುತ್ತದೆ? ಫ್ಲೂ ಜ್ವರ ಮಕ್ಕಳಿಂದ ಮಕ್ಕಳಿಗೆ ಬೇಗ ಅಂಟುತ್ತದೆ. ಕೆಲವು ದಿನ ಶಾಲೆ ಮುಚ್ಚಿದರೆ ಹರಡುವುದು ನಿಧಾನವಾಗಬಹುದು. ಡೆಂಗ್ಯೂ ಹಾಗಲ್ಲ, ಅದನ್ನು ಹರಡುವುದು ಸೊಳ್ಳೆ. ಅದಕ್ಕೆ ಶಾಲೆಯಲ್ಲೂ ಮನೆಯಲ್ಲೂ ನಿಂತ ನೀರು ಚೆಲ್ಲಬೇಕು, ಬಾಗಿಲು ಮುಚ್ಚಿದರೆ ಪ್ರಯೋಜನವಿಲ್ಲ.

2. ಯಾರಿಗೆ ಅಪಾಯ ಹೆಚ್ಚು? ಮಕ್ಕಳಿಗೋ, ಹಿರಿಯರಿಗೋ? ಕೊರೋನಾದಲ್ಲಿ ಹೆಚ್ಚಿನ ಮಕ್ಕಳಿಗೆ ಸೋಂಕು ಸೌಮ್ಯವಾಗಿತ್ತು, ಹಿರಿಯರಿಗೆ ಅಪಾಯ ಜಾಸ್ತಿಯಿತ್ತು.

3. ಎಷ್ಟು ದಿನ ಮುಚ್ಚುತ್ತಾರೆ? ಮತ್ತೆ ಯಾವಾಗ ಪರಿಶೀಲನೆ ಮಾಡುತ್ತಾರೆ?

4. ಮುಚ್ಚಿದಷ್ಟು ದಿನ ಊಟಕ್ಕೆ, ಪಾಠಕ್ಕೆ ಏನು ವ್ಯವಸ್ಥೆ? ಫೋನಿಲ್ಲದ ಮಗುವಿಗೆ ಏನು?

ಎಲ್ಲಿ ಹೇಳಬೇಕು?

ಪ್ರತಿ ಸರ್ಕಾರಿ ಶಾಲೆಯಲ್ಲೂ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್.ಡಿ.ಎಂ.ಸಿ. ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲಾ ಸಮಿತಿಯಲ್ಲಿ ಕನಿಷ್ಠ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು. "ನಮಗೇನು ಗೊತ್ತು, ಯಜಮಾನ್ರು ಹೋಗ್ತಾರೆ" ಅಂತ ಕೂರಬೇಡಿ. ಮಗುವಿನ ಜ್ವರ, ಹಸಿವು, ಪಾಠ ಮೂರನ್ನೂ ದಿನಾ ಕಾಣುವವರು ನೀವೇ. ಒಬ್ಬರೇ ಹೋಗಲು ಹಿಂಜರಿಕೆಯಾದರೆ ಸಂಘದ ನಾಲ್ಕು ಜನ ಒಟ್ಟಿಗೆ ಹೋಗಿ. ಮಗುವಿಗೆ ಜ್ವರ ಇದ್ದಾಗ ಶಾಲೆಗೆ ಕಳಿಸದೇ ಇರುವುದೂ ನಮ್ಮ ಜವಾಬ್ದಾರಿಯೇ.

ಸಂಘದ ಸಭೆಯಲ್ಲಿ ಚರ್ಚಿಸಿ

- ಕೊರೋನಾ ಸಮಯದಲ್ಲಿ ನಿಮ್ಮ ಬೀದಿಯ ಎಷ್ಟು ಮಕ್ಕಳು ಓದು ಬಿಟ್ಟರು? ಅವರು ಈಗ ಏನು ಮಾಡುತ್ತಿದ್ದಾರೆ?
- ನಮ್ಮ ಸಂಘದಿಂದ ಎಸ್.ಡಿ.ಎಂ.ಸಿ.ಯಲ್ಲಿ ಯಾರಾದರೂ ಇದ್ದಾರೆಯೇ?
- ಮುಂದೆ ಶಾಲೆ ಮುಚ್ಚಿದರೆ, ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳನ್ನು ಸರದಿಯಂತೆ ನೋಡಿಕೊಳ್ಳಲು, ಓದಿಸಲು ನಮ್ಮಲ್ಲಿ ಯಾರು ಮುಂದೆ ಬರುತ್ತಾರೆ?

ಚರ್ಚೆಯಲ್ಲಿ ಬಂದ ಮಾತುಗಳನ್ನು ಸಂಘದ ನಡಾವಳಿ ಪುಸ್ತಕದಲ್ಲಿ ತಪ್ಪದೇ ಬರೆದಿಡಿ. ಬೇಕಾದ ದಿನ ಅದೇ ನಿಮ್ಮ ಮನವಿ ಪತ್ರಕ್ಕೆ ಆಧಾರವಾಗುತ್ತದೆ.