ಐದು ಸೇರಿದರೆ ಚೆಂಡು, ಆರು ಸೇರಿದರೆ ಚಾಪೆ

ಒಂದು ಕಾಲಕ್ಕೆ ನಮ್ಮ ಎಷ್ಟೋ ಮನೆಗಳ ನಡುಬಾಗಿಲಲ್ಲಿ ಮಣಿಯ ತೋರಣವೊಂದು ಇದ್ದೇ ಇರುತ್ತಿತ್ತು. ನಡುವೆ ‘ಸುಸ್ವಾಗತ’, ಆಚೀಚೆ ಎದುರುಬದುರಾಗಿ ಕೂತ ಗಿಳಿಗಳು, ಕೆಳಗೆ ಇಳಿಬಿದ್ದ ಗಾಜಿನ ಕೊಳವೆ ಮಣಿಯ ಕುಚ್ಚು. ಗೋಡೆಗೆ ಮಣಿಯ ನವಿಲು, ಷೋಕೇಸಿನಲ್ಲಿ ಮಣಿಯ ಬಾತುಕೋಳಿ, ಮದುವೆಗೆ ಹೊರಟವರ ಕೈಯಲ್ಲಿ ಬಿಳಿ ಮುತ್ತಿನಂಥ ಮಣಿ ಹೆಣೆದ ಪುಟ್ಟ ಚೀಲ. ಇವನ್ನೆಲ್ಲ ಮಾಡಿದವರು ಹೆಚ್ಚಾಗಿ ಮನೆಯ ಹೆಂಗಸರು. ಮಧ್ಯಾಹ್ನದ ಪಾತ್ರೆ ತೊಳೆದಿಟ್ಟ ಮೇಲೆ ಸಿಗುವ ಬಿಡುವಿನಲ್ಲಿ, ಕಿಟಕಿಯ ಬೆಳಕಿಗೆ ಕೂತು ಪೋಣಿಸಿದವರು. ಹೊತ್ತು ಕಳೆಯಲು ಮಾಡುವ ಕೆಲಸವೆಂದು ನಾವು ಅದನ್ನು ಬಹಳ ಸಲೀಸಾಗಿ ಬದಿಗಿಟ್ಟೆವು. ಅದರೊಳಗೆ ಎಂಥ ಲೆಕ್ಕಾಚಾರ ಅಡಗಿದೆ ಎಂಬುದನ್ನು ತಿಳಿಯಬೇಕಾದರೆ ಒಂದು ಸಲ ನಾವೇ ಪೋಣಿಸಿ ನೋಡಬೇಕು.

ಮಣಿ ನಮಗೆ ಹೊಸದಲ್ಲ. ತಾಳಿಯ ಜೊತೆಗಿರುವ ಕರಿಮಣಿಯಂತೂ ಮನೆಮನೆಯಲ್ಲೂ ಇದೆ. ಕೊಡಗಿನಲ್ಲಿ ಚಿನ್ನದ ಗುಂಡುಗಳನ್ನು ಪೋಣಿಸಿದ ಜೋಮಾಲೆ ಇದೆ. ಅಂಕೋಲಾ, ಕುಮಟಾ ಕಡೆಯ ಹಾಲಕ್ಕಿ ಒಕ್ಕಲಿಗ ಹೆಂಗಸರ ಕೊರಳಲ್ಲಿ ಮಣಿಸರಗಳು ಪದರ ಪದರವಾಗಿ ಎದೆಯವರೆಗೆ ಇಳಿದಿರುತ್ತವೆ. 2021ರ ನವೆಂಬರಿನಲ್ಲಿ ಅದೇ ಸಮುದಾಯದ ತುಳಸಿ ಗೌಡ ಅವರು ಬರಿಗಾಲಲ್ಲಿ ನಡೆದುಬಂದು ಪದ್ಮಶ್ರೀ ಸ್ವೀಕರಿಸಿದಾಗ ಇಡೀ ದೇಶ ಆ ಸರಗಳನ್ನು ಕಂಡಿತು. ಚಿನ್ನ ಕೊಳ್ಳಲು ಕೈಯಲ್ಲಿ ಹಣವಿಲ್ಲದವರೂ ಕೊರಳು ತುಂಬ ತೊಟ್ಟುಕೊಳ್ಳಬಹುದಾದ ಒಡವೆ ಇದು.

ಕಲಿಯುವವರಿಗೆ ಬೇಕಾಗುವುದು ಒಂದಿಷ್ಟು ಮಣಿ, ಒಂದು ಕತ್ತರಿ, ಒಂದು ಮೀಟರ್ ತಂಗೂಸಿ. ಮೀನಿನ ಗಾಳಕ್ಕೆ ಕಟ್ಟುವ ಆ ನೈಲಾನ್ ಎಳೆ ಸ್ವಲ್ಪ ಬಿರುಸಾಗಿರುವುದರಿಂದ ಸೂಜಿಯ ಹಂಗಿಲ್ಲದೆ ತಾನೇ ಮಣಿಯೊಳಗೆ ನುಗ್ಗುತ್ತದೆ. ನಾಲ್ಕು ಮಣಿ ಪೋಣಿಸಿ ಎಳೆಯ ನಡುವಿಗೆ ತನ್ನಿ. ಈಗ ಎಳೆಯ ಒಂದು ತುದಿಯನ್ನು, ಇನ್ನೊಂದು ತುದಿಯ ಕಡೆಗಿರುವ ಕೊನೆಯ ಮಣಿಯೊಳಗೆ ಎದುರು ದಿಕ್ಕಿನಿಂದ ತೂರಿಸಿ. ಎರಡೂ ತುದಿ ಹಿಡಿದು ಎಳೆದರೆ ನಾಲ್ಕು ಮಣಿ ಸೇರಿ ಒಂದು ಪುಟ್ಟ ಚೌಕವಾಗುತ್ತದೆ. ಮುಂದಿನ ಚೌಕಕ್ಕೆ ಮೂರೇ ಮಣಿ ಸಾಕು: ಎಡಕ್ಕೆ ಒಂದು, ಬಲಕ್ಕೆ ಎರಡು, ಬಲದ ಎರಡನೆಯದರಲ್ಲಿ ಎಡತುದಿಯನ್ನು ಮತ್ತೆ ಎದುರಿನಿಂದ ತೂರಿಸುವುದು. ನಾಲ್ಕನೆಯದನ್ನು ಹಿಂದಿನ ಚೌಕವೇ ಕೊಟ್ಟಿರುತ್ತದೆ. ಹೀಗೇ ಮುಂದುವರಿದರೆ ಕೈಗೆ ಕಟ್ಟುವ ಪಟ್ಟಿ. ಪಟ್ಟಿಯ ಅಂಚಿನ ಮಣಿಗಳನ್ನು ಹಂಚಿಕೊಳ್ಳುತ್ತ ಎರಡನೆಯ ಸಾಲು, ಮೂರನೆಯ ಸಾಲು ಹೆಣೆದರೆ ಚೀಲದ ಬಟ್ಟೆ ಸಿದ್ಧ.

ಅಕ್ಕಪಕ್ಕದ ಎರಡು ಸುತ್ತುಗಳು ಒಂದು ಮಣಿಯನ್ನು ಹಂಚಿಕೊಳ್ಳುತ್ತವೆ ಎಂಬ ಈ ಒಂದು ನಿಯಮದಿಂದಲೇ ಮುಂದಿನದೆಲ್ಲ ಹುಟ್ಟುತ್ತದೆ. ಮೂಲೆ ಮೂಲೆಯಲ್ಲೂ ಮೂರು ಸುತ್ತು ಸೇರುವಂತೆ, ಆರಾರು ಮಣಿಯ ಸುತ್ತುಗಳನ್ನು ಒಂದರ ಪಕ್ಕ ಒಂದು ಹೆಣೆಯುತ್ತ ಹೋಗಿ. ಹೆಣಿಗೆ ಜೇನುತಟ್ಟಿಯ ಹಾಗೆ ಸಪಾಟಾಗಿ ಹರಡುತ್ತದೆ. ನಡುವೆ ಐದು ಮಣಿಯ ಸುತ್ತೊಂದನ್ನು ತಂದರೆ ಅಲ್ಲಿ ಬಾಗಿ ಉಬ್ಬುತ್ತದೆ. ಏಳು ಮಣಿಯದನ್ನು ತಂದರೆ ಅಂಚು ಜಾಸ್ತಿಯಾಗಿ ನೆರಿಗೆ ಬೀಳುತ್ತದೆ. ಬರೀ ಐದೈದರ ಸುತ್ತು ಹಾಕುತ್ತ ಹೋದರೆ ಹನ್ನೆರಡನೆಯ ಸುತ್ತಿಗೆ ಹೆಣಿಗೆ ತನ್ನಷ್ಟಕ್ಕೆ ಮುಚ್ಚಿಕೊಂಡು ಚೆಂಡಾಗುತ್ತದೆ. ಎಣಿಸಿದರೆ ಸರಿಯಾಗಿ 30 ಮಣಿ. ಹನ್ನೆರಡೈದಲ 60, ಪ್ರತಿ ಮಣಿಯೂ ಎರಡು ಸುತ್ತಿಗೆ ಸೇರಿರುವುದರಿಂದ ಅದರ ಅರ್ಧ. ಐದರ 12 ಸುತ್ತಿನ ಜೊತೆ ಆರರ 20 ಸುತ್ತು ಕ್ರಮವಾಗಿ ಬೆರೆತರೆ ಫುಟ್‌ಬಾಲಿನ ಮೈಯಂತಿರುವ 90 ಮಣಿಯ ಚೆಂಡು. ಬಾತುಕೋಳಿಯ ಹೊಟ್ಟೆ ಉಬ್ಬುವುದು, ಕತ್ತು ಕಿರಿದಾಗುವುದು, ಕಳಶದ ಕಂಠ ತಿರುಗುವುದು ಎಲ್ಲವೂ ಎಲ್ಲಿ ಐದು, ಎಲ್ಲಿ ಆರು, ಎಲ್ಲಿ ಏಳು ಎಂಬ ತೀರ್ಮಾನಗಳೇ.

ತೈವಾನಿನ ರಸಾಯನ ವಿಜ್ಞಾನಿ ಬಿಹ್-ಯಾವ್ ಜಿನ್ ಈ ಕ್ರಮದಲ್ಲೇ ಇಂಗಾಲದ ಅಣುಗಳ ಮಾದರಿಗಳನ್ನು ಮಣಿಯಲ್ಲಿ ಹೆಣೆದು ತೋರಿಸಿದ್ದಾರೆ. 60 ಪರಮಾಣುಗಳ ಇಂಗಾಲದ ಚೆಂಡನ್ನು ವಿಜ್ಞಾನಿಗಳು ಪತ್ತೆಮಾಡಿದ್ದು 1985ರಲ್ಲಿ. ಅದರಲ್ಲಿರುವ ಬಂಧಗಳು 90. ಬಂಧಕ್ಕೊಂದರಂತೆ ಪೋಣಿಸಿದರೆ ಮೇಲೆ ಹೇಳಿದ ಮಣಿ ಚೆಂಡೇ. ನಮ್ಮ ಮನೆಗಳಲ್ಲಿ ಈ ಎಣಿಕೆ ಅತ್ತೆಯಿಂದ ಸೊಸೆಗೆ, ಪಕ್ಕದ ಮನೆಯವರಿಂದ ಪಕ್ಕದ ಮನೆಯವರಿಗೆ ಬಾಯಿಮಾತಲ್ಲೇ ದಾಟುತ್ತಿತ್ತು. ಅದಕ್ಕೆ ವಿದ್ಯೆಯ ಮರ್ಯಾದೆ ಸಿಗಲಿಲ್ಲ ಎಂಬುದು ನನಗೆ ನಿಜವಾಗಿ ನೋವಿನ ಸಂಗತಿ.

ಮಣಿ ಕೊಳ್ಳಲು ಬೆಂಗಳೂರಿನವರಿಗೆ ಚಿಕ್ಕಪೇಟೆ, ಮಾಮೂಲ್‌ಪೇಟೆಯ ಗಲ್ಲಿಗಳಿವೆ; ಬೇರೆ ಊರುಗಳಲ್ಲಿ ಫ್ಯಾನ್ಸಿ ಸ್ಟೋರುಗಳು. ಮೊದಲ ಕೆಲಸಕ್ಕೆ ನಾಲ್ಕು ಮಿಲಿಮೀಟರಿನ ದುಂಡು ಮಣಿ ಒಳ್ಳೆಯದು. ಸಾಸಿವೆಯಷ್ಟಿರುವ ಗಾಜಿನ ಮಣಿಗೆ ಗಾತ್ರದ ನಂಬರು ಇರುತ್ತದೆ. ನಂಬರು ಏರಿದಂತೆ ಮಣಿ ಚಿಕ್ಕದಾಗುತ್ತದೆ. 8ನೇ ನಂಬರು ಸುಮಾರು ಮೂರು ಮಿಲಿಮೀಟರು, 11 ಸುಮಾರು ಎರಡು. ಜಪಾನಿನ ಮಣಿ ಒಂದರಂತೆ ಒಂದು ಸಮನಾಗಿರುತ್ತದೆ, ಬೆಲೆಯೂ ಹೆಚ್ಚು. ಅಗ್ಗದ ಪೊಟ್ಟಣದಲ್ಲಿ ದಪ್ಪ, ತೆಳು, ತೂತು ಮುಚ್ಚಿದ್ದು ಎಲ್ಲ ಬೆರೆತಿರುತ್ತವೆ. ಅಕ್ಕಿ ಆರಿಸುವ ಕೈಗಳಿಗೆ ಇದೇನೂ ಕಷ್ಟವಲ್ಲ. ತಟ್ಟೆಯಲ್ಲಿ ಹರಡಿಕೊಂಡು ಮೊದಲೇ ಆರಿಸಿಡಬೇಕು. ಹೆಣಿಗೆ ಸೊಟ್ಟಗಾಗುವುದು ಬಹುಪಾಲು ಈ ಕೆಲಸವನ್ನು ಬಿಟ್ಟದ್ದರಿಂದ.

ದಾರದ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ. ಮಣಿಯ ಆಯುಷ್ಯ ದೊಡ್ಡದು. ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1954ರಲ್ಲಿ ಪುರಾತತ್ವಜ್ಞ ಬಿ.ಕೆ. ಥಾಪರ್ ಅಗೆಸಿದಾಗ ಪ್ರಾಚೀನ ಕಾಲದ ಬಗೆಬಗೆಯ ಮಣಿಗಳು ಸಿಕ್ಕವು. ದಾರ ಅಷ್ಟು ಕಾಲ ಬಾಳುವ ವಸ್ತುವಲ್ಲ. ದಾರ ಮಣ್ಣಾದ ಮೇಲೆ ಚದುರಿದ ಮಣಿಗಳನ್ನು ಮುಂದಿಟ್ಟುಕೊಂಡು, ಯಾವ ಬಣ್ಣದ ಪಕ್ಕ ಯಾವುದಿತ್ತು ಎಂದು ಹೇಳುವುದು ಕಷ್ಟ. ನಮ್ಮ ತೋರಣಗಳಿಗೂ ಅದೇ ಆಗುತ್ತಿದೆ. ತಂಗೂಸಿ ಬಿಸಿಲಿಗೆ ಹಳದಿಯಾಗಿ, ಪೆಡಸಾಗಿ, ಒಂದು ದಿನ ಪಟ್ಟನೆ ಹರಿಯುತ್ತದೆ. ಕೊಳವೆ ಮಣಿಯ ಅಂಚು ಚೂಪಾಗಿರುವುದರಿಂದ ನೂಲನ್ನು ಬೇಗ ಕೊಯ್ಯುತ್ತದೆ. ಅದರ ಎರಡೂ ಬದಿಗೆ ಒಂದೊಂದು ದುಂಡು ಮಣಿ ಇಟ್ಟರೆ ನೂಲು ಉಳಿಯುತ್ತದೆ. ನೂಲಿಗೆ ಜೇನುಮೇಣ ಸವರಿದರೆ ಸಿಕ್ಕುಗಟ್ಟುವುದೂ ಕಡಿಮೆ, ಸವೆಯುವುದೂ ಕಡಿಮೆ.

ಅಟ್ಟದ ಮೇಲೋ ಹಳೆಯ ಟ್ರಂಕಿನಲ್ಲೋ ಅಂಥದೊಂದು ತೋರಣ ಇನ್ನೂ ಉಳಿದಿದ್ದರೆ, ಹೊಸದನ್ನು ಮಾಡುವುದಕ್ಕಿಂತ ಮೊದಲು ಅದನ್ನು ಕೈಗೆತ್ತಿಕೊಳ್ಳಿ ಎಂದು ಕೇಳಿಕೊಳ್ಳುತ್ತೇನೆ. ಎತ್ತಿ ನೇತುಹಾಕಬೇಡಿ, ಭಾರಕ್ಕೆ ಹರಿದೀತು. ಬಿಳಿ ಪಂಚೆಯ ಮೇಲೆ ಚಪ್ಪಟೆಯಾಗಿ ಹಾಸಿ ಮುಂದೆ, ಹಿಂದೆ ಫೋಟೋ ತೆಗೆಯಿರಿ. ಚೌಕುಳಿ ಪುಸ್ತಕದಲ್ಲಿ ಮಣಿಗೊಂದು ಚೌಕದಂತೆ ಬಣ್ಣ ತುಂಬುತ್ತ ಗಿಳಿಯನ್ನೂ ಅಕ್ಷರಗಳನ್ನೂ ಇಳಿಸಿಕೊಳ್ಳಿ; ಉಬ್ಬು ಗೊಂಬೆಯಾದರೆ ಪ್ರತಿ ಸುತ್ತಿನ ಎಣಿಕೆ ಬರೆಯಿರಿ. ಹೆಣೆದ ಹಿರಿಯರು ಇದ್ದರೆ ಪಕ್ಕದಲ್ಲಿ ಕೂರಿಸಿಕೊಂಡು ಎಲ್ಲಿಂದ ಶುರು ಮಾಡಿದರೆಂದು ಕೇಳಿ, ಆ ಮಣಿಗೆ ಗುರುತು ಹಾಕಿ. ಆಮೇಲೆ ಒಂದೊಂದೇ ಸಾಲನ್ನು ಬಿಚ್ಚಿ, ಹೊಸ ದಾರದಲ್ಲಿ ಆ ಸಾಲನ್ನು ಹೆಣೆದು ಮುಗಿಸಿದ ಮೇಲೆಯೇ ಮುಂದಿನದಕ್ಕೆ ಕತ್ತರಿ ಹಾಕಿ. ಒಡೆದ ಮಣಿಗೆ ಅದೇ ಬಣ್ಣ ಪೇಟೆಯಲ್ಲಿ ಸಿಗದಿದ್ದರೆ ಕುಚ್ಚಿನ ತುದಿಯಿಂದ ಒಂದೆರಡು ತೆಗೆದುಕೊಂಡರಾಯಿತು, ಅಲ್ಲಿ ಕೊರತೆ ಕಾಣುವುದಿಲ್ಲ.